ಮೈದುನನ ಸಾಲಕ್ಕೆ ಜಾಮೀನು: ಜ್ಞಾನೋಕ್ತಿ ಬೇಡ ಎನ್ನುತ್ತದೆ, ಅತ್ತೆ ಹಾಕು ಎನ್ನುತ್ತಾರೆ

ಬೆಟಗೇರಿ ಟೀಚರ್ ಕೇಳಿದ ಪ್ರಶ್ನೆ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಾನು ಗದಗ-ಬೆಟಗೇರಿಯವಳು, ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಬಾಸೆಲ್ ಮಿಶನ್ ಕಾಲದಿಂದಲೂ ಸಭೆಯಲ್ಲಿರುವ ಕ್ರೈಸ್ತ ಮನೆತನಕ್ಕೆ ಸೊಸೆಯಾಗಿ ಬಂದವಳು. ಪ್ರಶ್ನೆ ದುಡ್ಡಿನದು, ಅದೂ ಮನೆಯೊಳಗಿನ ದುಡ್ಡಿನದು. ಇದನ್ನು ಸ್ತ್ರೀಯರ ಕೂಟದಲ್ಲಿ ಕೇಳಿದರೆ ಮಧ್ಯಾಹ್ನದೊಳಗೆ ಇಡೀ ಓಣಿಗೆ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೈದುನ ಸಣ್ಣ ಸರಕು ವಾಹನವೊಂದನ್ನು ಕೊಳ್ಳಬೇಕೆಂದಿದ್ದಾನೆ. ರೋಣ, ನರಗುಂದದ ಕಡೆಯಿಂದ ಈರುಳ್ಳಿ, ಮೆಣಸಿನಕಾಯಿ ತುಂಬಿಕೊಂಡು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಬಾಡಿಗೆ ಹೊಡೆಯುವ ಯೋಚನೆ. ಈಗ ಬೇರೆಯವರ ಗಾಡಿ ಓಡಿಸುತ್ತಾನೆ. ದುಡಿಯುವ ಹುಡುಗ, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ಲೆಕ್ಕ ಇಡುವವನಲ್ಲ. ಹಿಂದೊಮ್ಮೆ ಮೊಬೈಲ್ ಅಂಗಡಿ ಹಾಕಿ ಮುಚ್ಚಿದ. ಮುಚ್ಚುವ ದಿನವೂ ಯಾರಿಗೆಷ್ಟು ಕೊಡಬೇಕು, ಯಾರಿಂದೆಷ್ಟು ಬರಬೇಕು ಎಂಬುದು ಅವನಿಗೇ ತಿಳಿದಿರಲಿಲ್ಲ.

ಒಂದು ಪತ್ತಿನ ಸಹಕಾರ ಸಂಘ 8 ಲಕ್ಷ ರೂಪಾಯಿ ಕೊಡಲು ಒಪ್ಪಿದೆ. ಸಂಬಳದಾರರೊಬ್ಬರ ಜಾಮೀನು ಬೇಕು ಎಂಬುದು ಷರತ್ತು. ನಮ್ಮ ಯಜಮಾನರದು ಮುದ್ರಣಾಲಯದ ಕೆಲಸ, ಕೈಗೆ ಬಂದಷ್ಟು ಕೂಲಿ. ಮನೆಯಲ್ಲಿ ಸಂಬಳದ ಚೀಟಿ ಇರುವುದು ನನಗೊಬ್ಬಳಿಗೆ. ಅರ್ಜಿಯಲ್ಲಿ ಜಾಮೀನುದಾರರ ಹೆಸರಿನ ಜಾಗದಲ್ಲಿ ಪೆನ್ಸಿಲಿನಿಂದ ನನ್ನ ಹೆಸರು ಬರೆದೇ ತಂದಿದ್ದಾನೆ.

ನಾನು ಬೈಬಲಿನ ಜ್ಞಾನೋಕ್ತಿಗಳು ಪುಸ್ತಕ ತೆಗೆದೆ. ಆರನೇ ಅಧ್ಯಾಯದ ಆರಂಭವೇ ಇದು: ನೆರೆಯವನಿಗೆ ಹೊಣೆಯಾಗಿದ್ದರೆ ನಿದ್ದೆಗೂ ಅವಕಾಶ ಕೊಡದೆ, ಬೇಟೆಗಾರನ ಕೈಯಿಂದ ಜಿಂಕೆ ಬಿಡಿಸಿಕೊಳ್ಳುವಂತೆ ಬಿಡಿಸಿಕೋ. ಮತ್ತಾಯ 5:42 ತೆಗೆದರೆ, ಸಾಲ ಕೇಳಬಂದವನಿಗೆ ಮುಖ ತಿರುಗಿಸಬೇಡ ಎಂದಿದೆ. ಎರಡನ್ನೂ ಓದಿ ಬೈಬಲ್ ಮುಚ್ಚಿಟ್ಟೆ. ನಮ್ಮತ್ತೆಗೆ ಅಷ್ಟು ಹುಡುಕಾಟ ಬೇಕಾಗಲಿಲ್ಲ. ಇಬ್ರಿಯರಿಗೆ ಬರೆದ ಪತ್ರದಲ್ಲಿ ಯೇಸುವೇ ನಮಗೆ ಹೊಣೆಗಾರ ಎಂದಿದೆಯಲ್ಲ, ಅದನ್ನು ಹಿಡಿದುಕೊಂಡು, "ಆತ ನಿನಗೆ ಹೊಣೆಯಾಗುವಾಗ ನಿನ್ನ ಸಂಬಳದ ಚೀಟಿ ಕೇಳಿದ್ದನೇ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಯಜಮಾನರು ಪತ್ರಿಕೆ ಓದುತ್ತಿದ್ದರು. ಒಂದೇ ಪುಟವನ್ನು ಬಹಳ ಹೊತ್ತು ಓದಿದರು.

ಇಂಥ ಸಂದರ್ಭದಲ್ಲಿ ವಾಕ್ಯದ ಪ್ರಕಾರ ನಡೆಯುವುದೆಂದರೆ ಯಾವ ವಾಕ್ಯದ ಪ್ರಕಾರ? "ಎರಡೂ ದೇವರ ಮಾತೇ" ಎಂದು ಹೇಳಿ ಬಿಡಬೇಡಿ. ಅದು ನನಗೂ ಗೊತ್ತಿದೆ.

ವಾಕ್ಯವೇ ದೀಪ, ಬೆಂಗಳೂರು

ಸಹೋದರಿ, ಇದರಲ್ಲಿ ಯೋಚಿಸಲು ಏನೂ ಇಲ್ಲ. ಜ್ಞಾನೋಕ್ತಿಗಳು 6:1, 11:15, 17:18, 20:16, 22:26. ಒಂದೇ ವಿಷಯವನ್ನು ದೇವರು ಇಷ್ಟು ಸಲ ಹೇಳಿದ್ದರೆ ಅದಕ್ಕೆ ಕಾರಣವಿದೆ. ಸಹಿ ಮಾಡಬೇಡಿ. ಮೈದುನನಿಗಾಗಿ ಪ್ರಾರ್ಥಿಸಿ, ದೇವರು ಬೇರೆ ದಾರಿ ತೆರೆಯುತ್ತಾನೆ.

ನಿವೃತ್ತ ವಸೂಲಿಗಾರ, ಹಾಸನ

ಅಮ್ಮಾ, ನಾನು ಸಹಕಾರಿ ಬ್ಯಾಂಕಿನಿಂದ ನಿವೃತ್ತನಾದವನು. ಸೇವೆಯ ಬಹುಪಾಲು ಸಾಲ ವಸೂಲಿಯಲ್ಲೇ ಕಳೆಯಿತು. ಈಗ ನಮ್ಮ ಸಭೆಯ ಖಜಾಂಚಿ, ಅಂದರೆ ವಸೂಲಿ ಇನ್ನೂ ಮುಗಿದಿಲ್ಲ. ಮೇಲಿನ ಸಹೋದರರು ಕೊಟ್ಟ ವಚನಗಳೆಲ್ಲ ಸರಿಯಾಗಿವೆ. ಆದರೆ ಬ್ಯಾಂಕಿನಲ್ಲಿ ಟೋಕನ್ ನಂಬರ್ ಕೂಗಿದಂತೆ ಅಧ್ಯಾಯದ ಸಂಖ್ಯೆ ಕೂಗಿ ಎದ್ದು ಹೋದರೆ ಕೌಂಟರಿನ ಎದುರು ನಿಂತವರ ಕೆಲಸ ಆಗುವುದಿಲ್ಲ.

ಮೊದಲು ನೀವು ಸಹಿ ಹಾಕಲಿರುವ ಕಾಗದ ಯಾವುದೆಂದು ತಿಳಿದುಕೊಳ್ಳಿ. ಜಾಮೀನು ಎಂದರೆ ಹುಡುಗ ಒಳ್ಳೆಯವನು ಎಂದು ಬರೆದುಕೊಡುವ ನಡತೆಯ ಪ್ರಮಾಣಪತ್ರ ಎಂದು ನಮ್ಮ ಜನ ತಿಳಿದಿದ್ದಾರೆ. ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. "ಮೊದಲು ಅವನನ್ನು ಹಿಡಿಯಿರಿ, ಅವನಿಂದ ಆಗದಿದ್ದರೆ ನನ್ನ ಬಳಿ ಬನ್ನಿ" ಎನ್ನುವ ಹಾಗಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಇದನ್ನು ಇತ್ಯರ್ಥ ಮಾಡಿದೆ. ಸಾಲ ಸುಸ್ತಿಯಾದಾಗ ನಾವು ಮೊದಲು ಯಾರ ಬಾಗಿಲಿಗೆ ಹೋಗುತ್ತಿದ್ದೆವು ಗೊತ್ತೇ? ಗಾಡಿ ತೆಗೆದುಕೊಂಡು ಊರೂರು ಸುತ್ತುವವನ ಬಾಗಿಲಿಗಲ್ಲ. ತಿಂಗಳು ತಿಂಗಳು ಸಂಬಳ ಬರುವವರ ಬಾಗಿಲಿಗೆ. ಸಂಘದವರು ಸಂಬಳದಾರರನ್ನೇ ಕೇಳುವುದು ನಿಮ್ಮ ಮೇಲಿನ ಗೌರವದಿಂದಲ್ಲ.

ಸಾಮಾನ್ಯವಾಗಿ ಜಾಮೀನು ಪತ್ರದ ಜೊತೆಗೆ ಸಂಬಳದಿಂದ ಕಡಿತ ಮಾಡಲು ಒಪ್ಪಿಗೆ ಪತ್ರವನ್ನೂ ಬರೆಸಿಕೊಳ್ಳುತ್ತಾರೆ. ಬೇಕಾದಾಗ ಅದು ನಿಮ್ಮ ಬಟವಾಡೆ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಕೋರ್ಟಿನ ಡಿಕ್ರಿ ಹಿಡಿದು ಬಂದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಮಿಕ್ಕ ಒಂದು ಭಾಗವನ್ನು ಮುಟ್ಟಬಹುದು. ಸಂಸ್ಥೆಯು ಸಾಲಗಾರರ ಚರಿತ್ರೆ ದಾಖಲಿಸುವ ಕ್ರೆಡಿಟ್ ಬ್ಯೂರೋಗೆ ವರದಿ ಕೊಡುವಂಥದ್ದಾದರೆ ಮೈದುನ ತಪ್ಪಿಸಿದ ಕಂತು ನಿಮ್ಮ ವರದಿಯಲ್ಲೂ ಕಾಣಿಸುತ್ತದೆ.

ನೀವು ಗಣಿತದವರು, ಲೆಕ್ಕ ನಿಮಗೇ ಬಿಡಬಹುದಿತ್ತು. ಆದರೂ ಹೇಳುತ್ತೇನೆ. 8 ಲಕ್ಷಕ್ಕೆ ಶೇಕಡಾ 13 ಬಡ್ಡಿ, ಐದು ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 18,200 ರೂಪಾಯಿ. ಒಟ್ಟು ಕಟ್ಟುವುದು ಹತ್ತಿರ ಹತ್ತಿರ 10 ಲಕ್ಷದ 92 ಸಾವಿರ. ಎಂಟು ಎಂದು ಯೋಚಿಸಬೇಡಿ, ಹನ್ನೊಂದು ಎಂದು ಯೋಚಿಸಿ.

ಈಗ ವಾಕ್ಯಕ್ಕೆ ಬರೋಣ. ಸಾಲಕ್ಕೆ ಹೊಣೆಯಾಗುವವರಲ್ಲಿ ಸೇರಬೇಡ ಎನ್ನುವ 22:26ನ್ನು ಎಲ್ಲರೂ ಹೇಳುತ್ತಾರೆ, 27ನ್ನು ಬಿಡುತ್ತಾರೆ. ತೀರಿಸಲು ನಿನ್ನಲ್ಲಿ ಏನೂ ಇಲ್ಲದಿದ್ದರೆ ನಿನ್ನ ಕೆಳಗಿನ ಹಾಸಿಗೆಯನ್ನೇ ಏಕೆ ಎಳೆದುಕೊಂಡು ಹೋಗಬೇಕು ಎಂಬುದು ಅಲ್ಲಿನ ಪ್ರಶ್ನೆ. ಜಪ್ತಿಗೆ ಹೋದವನಿಗೆ ಆ ಸಾಲು ತಮಾಷೆಯಾಗಿ ಕಾಣುವುದಿಲ್ಲ. ಗೋದ್ರೇಜ್ ಬೀರುವನ್ನು ಹೊರಗೆ ತರುವಾಗ ಮನೆಯ ಹೆಂಗಸು ಅದರ ಬಾಗಿಲಿಗೆ ಅಂಟಿಸಿದ್ದ ಮಕ್ಕಳ ಚಿತ್ರವನ್ನು ಕಿತ್ತುಕೊಂಡದ್ದನ್ನು ನಾನು ಕಂಡಿದ್ದೇನೆ. ಸಾಲ ಆಕೆಯದಲ್ಲ, ಆಕೆಯ ಗಂಡನದೂ ಅಲ್ಲ. ಗಂಡ ಜಾಮೀನು ಹಾಕಿದ್ದ, ಅಷ್ಟೆ. ಜ್ಞಾನೋಕ್ತಿ ಬರೆದವರ ಕಾಲದಲ್ಲಿ ಹಾಸಿಗೆಯ ಆಚೆಗೂ ಹೋಗುತ್ತಿದ್ದರು. ಅರಸುಗಳ ಎರಡನೇ ಪುಸ್ತಕ ನಾಲ್ಕನೇ ಅಧ್ಯಾಯದ ವಿಧವೆಯ ಬಳಿ ಸಾಲಿಗನು ಬಂದದ್ದು ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಒಯ್ಯಲು.

ಹಾಗೆಂದು ಜ್ಞಾನೋಕ್ತಿಗಳು ದಂಡಸಂಹಿತೆಯಲ್ಲ. 26ನೇ ಅಧ್ಯಾಯದ 4ನೇ ವಚನ ಮೂರ್ಖನಿಗೆ ಉತ್ತರ ಕೊಡಬೇಡ ಎನ್ನುತ್ತದೆ, 5ನೇ ವಚನ ಕೊಡು ಎನ್ನುತ್ತದೆ. ಪಕ್ಕಪಕ್ಕದಲ್ಲಿಟ್ಟವರಿಗೆ ಅದು ಕಾಣಲಿಲ್ಲವೆಂದಲ್ಲ. ಎದುರಿಗಿರುವ ಮನುಷ್ಯನನ್ನು ನೋಡಿ ಯಾವುದು ಎಂದು ತೀರ್ಮಾನಿಸು ಎಂದು ಬಿಟ್ಟಿದ್ದಾರೆ. ಹೊಣೆಯಾದವರೂ ಬೈಬಲಿನಲ್ಲಿದ್ದಾರೆ. ತಮ್ಮನಾದ ಬೆನ್ಯಾಮೀನನಿಗೆ ಯೂದನು ಹೊಣೆಯಾದನು, ದಾಸನಾದ ಒನೇಸಿಮನಿಗೆ ಅಪೊಸ್ತಲ ಪೌಲನು ಹೊಣೆಯಾದನು. ಅವರು ಹೇಗೆ ಹೊಣೆಯಾದರು ಎಂದು ನೋಡಿ. ಹೊತ್ತು ಬಂದಾಗ ಯೂದನು ಐಗುಪ್ತದಲ್ಲಿ ನಿಂತು, ಹುಡುಗನನ್ನು ಬಿಡಿ, ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಎಂದನು. ಪೌಲನು ಅವನ ಸಾಲವೇನಿದ್ದರೂ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದನು. ಸಾಲಗಾರ ಹೇಗೂ ಕಟ್ಟುತ್ತಾನೆ, ನನ್ನದು ಹೆಸರಿಗೆ ಮಾತ್ರ ಎಂದು ಇಬ್ಬರೂ ಎಣಿಸಲಿಲ್ಲ.

ನಿಮ್ಮತ್ತೆಗೆ ಉತ್ತರ ಕೊಡುವಷ್ಟು ಧೈರ್ಯ ನನಗಿಲ್ಲ, ಆದರೆ ಅವರ ವಚನ ನನ್ನ ಪಕ್ಷದಲ್ಲೇ ಇದೆ. ಯೇಸು ನಮಗೆ ಹೊಣೆಯಾದದ್ದು ನಾವು ಕಟ್ಟುತ್ತೇವೆ ಎಂಬ ನಂಬಿಕೆಯಿಂದಲ್ಲ. ನಾವು ಕಟ್ಟುವುದಿಲ್ಲ ಎಂದು ತಿಳಿದೇ ಹೊಣೆಯಾದನು, ಪೂರ್ತಿ ಕಟ್ಟಿದನು. ನೀವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಹನ್ನೊಂದು ಲಕ್ಷವನ್ನೂ ನಾನೇ ಕಟ್ಟಬೇಕಾಗಿ ಬಂದರೆ ಕಟ್ಟಬಲ್ಲೆನೇ? ಕಟ್ಟಿದ ಮೇಲೂ ಕ್ರಿಸ್ಮಸ್ ದಿನ ಮೈದುನನಿಗೆ ನಗುಮುಖದಿಂದ ಬಡಿಸಬಲ್ಲೆನೇ? ಎರಡಕ್ಕೂ ಹೌದು ಎಂದಾದರೆ ಧಾರಾಳವಾಗಿ ಸಹಿ ಮಾಡಿ.

ಕೋಲಾರ ಚಿನ್ನದ ಗಣಿಯ ಚಾಲಕ

ಹಾಸನದ ಅಯ್ಯಾ, ನಿಮ್ಮ ಕಾನೂನಿಗೆ ನಾನು ಎದುರು ಮಾತನಾಡುವುದಿಲ್ಲ. ಆದರೆ ನಿಮ್ಮ ಪ್ರಶ್ನೆ ಕೇಳಿಕೊಂಡು ಕುಳಿತಿದ್ದರೆ ನನಗೆ ಈ ಜನ್ಮದಲ್ಲಿ ಗಾಡಿ ಸಿಗುತ್ತಿರಲಿಲ್ಲ.

ನಮ್ಮಪ್ಪ ಗಣಿಯಲ್ಲಿ ಕೆಲಸಕ್ಕಿದ್ದರು. 2001ರಲ್ಲಿ ಗಣಿ ಮುಚ್ಚಿತು. ಆಮೇಲೆ ನಮ್ಮ ಲೈನಿನ ಯಾವ ಮನೆಯಲ್ಲೂ ಸಂಬಳದ ಚೀಟಿ ಇರಲಿಲ್ಲ. ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು ನಾವು. ಬ್ಯಾಂಕಿಗೆ ಹೋದರೆ ಜಾಮೀನು ಯಾರು ಎನ್ನುತ್ತಿದ್ದರು. ಇಡೀ ಬೀದಿಯಲ್ಲಿ ಒಬ್ಬರೂ ಆ ಪ್ರಶ್ನೆಗೆ ಉತ್ತರವಾಗುವಂತಿರಲಿಲ್ಲ. ಹಾಸಿಗೆ ಎಳೆದುಕೊಂಡು ಹೋಗುತ್ತಾರೆ ಎಂಬ ಎಚ್ಚರಿಕೆ ಮಂಚ ಇರುವವರಿಗೆ. ನಾವು ಚಾಪೆಯವರು. ಸಂಬಳದವರೆಲ್ಲ ಜ್ಞಾನೋಕ್ತಿ ಓದಿ ಜಾಣರಾದರೆ ಚಾಪೆಯವರು ಮೀಟರ್ ಬಡ್ಡಿಯವನ ಬಳಿಯೇ ಹೋಗಬೇಕು. ಅದೇ ಪುಸ್ತಕದ 3:27ರಲ್ಲಿ, ಉಪಕಾರ ಮಾಡುವ ಶಕ್ತಿ ನಿನ್ನ ಕೈಯಲ್ಲಿರುವಾಗ ತಡೆಯಬೇಡ ಎಂದಿದೆ. ಇದನ್ನು ಯಾರೂ ಜಾಮೀನಿನ ವಚನವೆಂದು ಎಣಿಸುವುದಿಲ್ಲ.

ಅಪೊಸ್ತಲರ ಕೃತ್ಯಗಳು 17 ಓದಿ. ಥೆಸಲೋನಿಕದಲ್ಲಿ ಗಲಭೆಯಾದಾಗ ಅಧಿಕಾರಿಗಳು, ಪೌಲ ಸೀಲರನ್ನು ಮನೆಗೆ ಸೇರಿಸಿಕೊಂಡಿದ್ದ ಯಾಸೋನನಿಂದಲೂ ಮಿಕ್ಕವರಿಂದಲೂ ಜಾಮೀನು ತೆಗೆದುಕೊಂಡು ಬಿಟ್ಟರು. ಆ ರಾತ್ರಿಯೇ ಸಹೋದರರು ಪೌಲ ಸೀಲರನ್ನು ಬೆರೋಯಕ್ಕೆ ಕಳುಹಿಸಿದರು. ಯಾಸೋನನು ಹನ್ನೊಂದು ಲಕ್ಷ ಕಟ್ಟಬಲ್ಲೆನೇ ಎಂದು ಲೆಕ್ಕ ಹಾಕುತ್ತಾ ಕೂರಲಿಲ್ಲ. ಒಳ್ಳೆಯ ಸಮಾರ್ಯದವನೂ ಹಾಗೆಯೇ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗಾಗಿ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟನು, ಇನ್ನೂ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದನು. ಎಷ್ಟು ಎಂಬ ಮಿತಿ ಇಲ್ಲ.

ನನಗೆ ಜಾಮೀನು ಹಾಕಿದವರು ನಮ್ಮ ಸಭೆಯ ಒಬ್ಬ ನಿವೃತ್ತ ನರ್ಸಮ್ಮ. ಅವರ ಷರತ್ತುಗಳಿದ್ದವು. ಪ್ರತಿ ತಿಂಗಳು ಕಂತಿನ ರಸೀದಿ ತಂದು ತೋರಿಸಬೇಕು, ಗಾಡಿಯ ವಿಮೆ ಒಂದು ದಿನವೂ ತಪ್ಪಬಾರದು, ಭಾನುವಾರ ಆರಾಧನೆಯ ಹೊತ್ತಿಗೆ ಬಾಡಿಗೆ ಹಿಡಿಯಬಾರದು. ಮೂರನೆಯದನ್ನು ನಾನು ಪೂರ್ತಿ ಪಾಲಿಸಿದೆ ಎಂದರೆ ಸುಳ್ಳಾಗುತ್ತದೆ. ಮೊದಲನೆಯದರಲ್ಲಿ ಮಾತ್ರ ವಿನಾಯಿತಿ ಇರಲಿಲ್ಲ. ರಸೀದಿ ನೋಡಿದ ಮೇಲೆಯೇ ಕಾಫಿ ಕೊಡುತ್ತಿದ್ದರು. ಸಾಲ ತೀರಿತು. ಟೀಚರಮ್ಮ, ನಿಮ್ಮ ಮೈದುನ ಲೆಕ್ಕ ಇಡುವುದಿಲ್ಲ ಎಂದಿರಿ. ಲೆಕ್ಕ ಕೇಳುವವರು ಯಾರಾದರೂ ಇದ್ದರೇ ಅವನಿಗೆ?

ಉಡುಪಿಯ ಓದುಗ

ನಾವು ಕಥೋಲಿಕರು. ನಮ್ಮ ಬೈಬಲಿನಲ್ಲಿ ಸಿರಾಖನ ಗ್ರಂಥವೂ ಇದೆ, ನಿಮ್ಮಲ್ಲಿ ಅದನ್ನು ಓದುವ ವಾಡಿಕೆ ಇಲ್ಲವೆಂದು ಬಲ್ಲೆ. ಆದರೂ ಈ ಜಗಳಕ್ಕೆಂದೇ ಬರೆದಂತಿರುವುದರಿಂದ ಹೇಳುತ್ತಿದ್ದೇನೆ. 29ನೇ ಅಧ್ಯಾಯದಲ್ಲಿ ಒಳ್ಳೆಯವನು ನೆರೆಯವನಿಗೆ ಜಾಮೀನಾಗುತ್ತಾನೆ ಎಂದು ಮೊದಲು ಹೇಳಿ, ಚೆನ್ನಾಗಿ ಬಾಳುತ್ತಿದ್ದ ಎಷ್ಟೋ ಜನರನ್ನು ಜಾಮೀನು ಹಾಳುಮಾಡಿದೆ ಎಂದೂ ಹೇಳುತ್ತದೆ. ಜಾಮೀನಾದವನ ಉಪಕಾರವನ್ನು ಮರೆಯಬೇಡ, ಅವನು ತನ್ನ ಪ್ರಾಣವನ್ನೇ ನಿನಗಾಗಿ ಕೊಟ್ಟಿದ್ದಾನೆ ಎಂಬ ಮಾತು ಸಾಲಗಾರನಿಗೆ. ನಿಮ್ಮ ಮೈದುನ ಓದಬೇಕಾದದ್ದು ಆ ಸಾಲು. 8:13 ಹಾಸನದವರು ಹೇಳಿದ್ದನ್ನೇ ಹೇಳುತ್ತದೆ: ಶಕ್ತಿ ಮೀರಿ ಜಾಮೀನಾಗಬೇಡ, ಜಾಮೀನಾದರೆ ಕಟ್ಟಬೇಕಾದವನು ನೀನೇ ಎಂದು ತಿಳಿದಿರು.

ನಿವೃತ್ತ ವಸೂಲಿಗಾರ, ಹಾಸನ

ಗಣಿಯ ತಮ್ಮಾ, ನಿಮ್ಮ ನರ್ಸಮ್ಮನಂಥವರು ನಮ್ಮ ಬ್ಯಾಂಕಿಗೆ ಸಿಕ್ಕಿದ್ದರೆ ವಸೂಲಿ ವಿಭಾಗವೇ ಬೇಕಿರಲಿಲ್ಲ. ಆಕೆ ಬರಿಯ ಸಹಿ ಹಾಕಲಿಲ್ಲ, ತಿಂಗಳು ತಿಂಗಳು ಕಾವಲು ಕೂತರು. ನಮ್ಮ ಕಡತಗಳಲ್ಲಿದ್ದ ಜಾಮೀನುದಾರರಲ್ಲಿ ಹೆಚ್ಚಿನವರು ಸಹಿ ಹಾಕಿದ ದಿನವೇ ಅದನ್ನು ಮರೆತವರು. ಯಾಸೋನನ ವಿಷಯ ನನಗೆ ಹೊಳೆದಿರಲಿಲ್ಲ. ಆದರೆ ಅವನದು ಆ ರಾತ್ರಿಯ ಪ್ರಾಣಾಪಾಯ, ಟೀಚರಮ್ಮನ ಮೈದುನನಿಗೆ ಅಷ್ಟು ಅವಸರವಿಲ್ಲ. ಬೇರೆ ಬಾಗಿಲುಗಳನ್ನು ತಟ್ಟಿ ನೋಡಲು ಸಮಯವಿದೆ.

ಗಾಡಿಯನ್ನೇ ಒತ್ತೆಯಾಗಿ ಹಿಡಿದುಕೊಂಡು ಕೊಡುವ ವಾಹನ ಸಾಲವನ್ನು ಮೊದಲು ವಿಚಾರಿಸಲಿ. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ ಮೊದಲ ಸಲ ಪಡೆಯುವವರಿಗೆ 10 ಲಕ್ಷದವರೆಗೆ ಆಸ್ತಿಯ ಅಡಮಾನವಿಲ್ಲದೆ ಸಾಲವಿದೆ, ಬಾಡಿಗೆಗೆ ಓಡಿಸುವ ಸರಕು ವಾಹನಕ್ಕೂ ಸಿಗುತ್ತದೆ. ಅಲ್ಪಸಂಖ್ಯಾತರಿಗೆ ಸರ್ಕಾರದ ನಿಗಮದ ಕಡೆಯಿಂದ ಸ್ವಾವಲಂಬಿ ಸಾರಥಿ ಎಂದು ವಾಹನ ಕೊಳ್ಳಲು ಸಹಾಯಧನ ಕೊಡುವ ಯೋಜನೆ ಇದೆ. ಅರ್ಜಿ ಕರೆಯುವ ಕಾಲ, ಮೊತ್ತ ಬದಲಾಗುತ್ತಿರುತ್ತದೆ, ಜಿಲ್ಲಾ ಕಚೇರಿಯಲ್ಲಿ ಕೇಳಬೇಕು. ನಮ್ಮ ಸಭೆಗಳಲ್ಲಿ ಬೆಳೆ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರಾರು ರೂಪಾಯಿ ಕೂಗುವವರಿದ್ದಾರೆ, ಇಂಥ ಯೋಜನೆಯ ಅರ್ಜಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವವರು ಕಡಿಮೆ.

ಇಷ್ಟಾದ ಮೇಲೂ ಜಾಮೀನು ಬೇಕೇಬೇಕು ಎಂದಾದರೆ, 128ನೇ ಸೆಕ್ಷನ್ನಿನಲ್ಲಿ "ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲವಾದರೆ" ಎಂದಿದೆಯಲ್ಲ, ಅಲ್ಲಿ ಒಂದು ಸಂದಿಯಿದೆ. ಹೊಣೆಗೆ ಮಿತಿ ಬರೆಸಿಕೊಳ್ಳಬಹುದು. ಸಂಘದವರು ಒಪ್ಪಲೇಬೇಕೆಂದಿಲ್ಲ. ಕೇಳುವುದಕ್ಕೆ ಅಡ್ಡಿಯಿಲ್ಲ.

ಬೆಟಗೇರಿ ಟೀಚರ್

ಎಲ್ಲರಿಗೂ ಕೃತಜ್ಞತೆ. ಗಣಿಯ ಸಹೋದರರ ಕೊನೆಯ ಪ್ರಶ್ನೆ ಚುಚ್ಚಿತು. ಲೆಕ್ಕ ಕಲಿಸುವವಳೇ ಮನೆಯಲ್ಲಿದ್ದೂ ಅವನ ಅಂಗಡಿಯ ಪುಸ್ತಕವನ್ನು ಯಾರೂ ತೆರೆದು ನೋಡಿರಲಿಲ್ಲ ಎಂಬುದು ನಿಜ.

ಅತ್ತೆಗೆ ಕಂತಿನ ಲೆಕ್ಕ ತೋರಿಸಿದೆ. ಯೇಸು ಪೂರ್ತಿ ಕಟ್ಟಲು ಸಿದ್ಧನಾಗಿಯೇ ಹೊಣೆಯಾದನು, ನನ್ನಿಂದ ಅಷ್ಟು ಆಗುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಣಿತದ ಸೊಸೆ ಬೇಡ, ಕನ್ನಡ ಪಂಡಿತರ ಮಗಳನ್ನು ತರೋಣ ಎಂದು ಆಗಲೇ ಹೇಳಿದ್ದೆ" ಎಂದರು. ಯಜಮಾನರು ಪತ್ರಿಕೆ ಮಡಿಸಿಟ್ಟು, ಅವನ ಅಣ್ಣ ನಾನು, ಹೇಳುವುದನ್ನು ನಾನೇ ಹೇಳುತ್ತೇನೆ ಎಂದರು. ಅದು ನನಗೆ ದೊಡ್ಡ ಸಹಾಯ.

8 ಲಕ್ಷಕ್ಕೆ ಸಹಿ ಮಾಡುವುದಿಲ್ಲ. ನನ್ನ ಉಳಿತಾಯದಲ್ಲಿ ಒಂದೂವರೆ ಲಕ್ಷವನ್ನು ಮುಂಗಡಕ್ಕೆಂದು ಕೊಡುತ್ತೇನೆ, ಸಾಲವೆಂದಲ್ಲ, ಕೊಟ್ಟದ್ದು ಎಂದೇ. ಲೂಕ 6:35ರಲ್ಲಿ ತಿರುಗಿ ಬರುತ್ತದೆಂದು ಎದುರುನೋಡದೆ ಕೊಡಿ ಎಂದಿರುವುದು ಆ ಮೊತ್ತದವರೆಗೆ ನನಗೆ ಸಾಧ್ಯ. ಉಳಿದದ್ದಕ್ಕೆ ಗಾಡಿಯ ಮೇಲೆಯೇ ಸಾಲ ಕೊಡುವ ಬ್ಯಾಂಕನ್ನು ವಿಚಾರಿಸುತ್ತೇವೆ. ಅಲ್ಲಿಯೂ ಜಾಮೀನು ಕೇಳಿದರೆ 2 ಲಕ್ಷದ ಮಿತಿಗೆ ಒಪ್ಪುತ್ತೇನೆ. ಪ್ರತಿ ತಿಂಗಳು ರಸೀದಿ ತೋರಿಸಬೇಕು ಎಂದಾಗ ಮೈದುನ ನಕ್ಕ. ನಗಲಿ. ಹಾಸನದ ಹಿರಿಯರೇ, ಮಿತಿಯನ್ನು ಪತ್ರದಲ್ಲಿ ಹೇಗೆ ಬರೆಸಬೇಕು?

ನಿವೃತ್ತ ವಸೂಲಿಗಾರ, ಹಾಸನ

"ಅಸಲು, ಬಡ್ಡಿ, ದಂಡಬಡ್ಡಿ, ದಾವಾ ವೆಚ್ಚ ಎಲ್ಲವೂ ಸೇರಿ ಗರಿಷ್ಠ 2 ಲಕ್ಷ ರೂಪಾಯಿ ಮಾತ್ರ" ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಬರಿಯ "2 ಲಕ್ಷ" ಎಂದಿದ್ದರೆ ಬಡ್ಡಿ ಅದರ ಮೇಲೆ ಏರುತ್ತದೆ. ಮೈದುನನಿಗೆ ಮುಂದೆ ಕೊಡುವ ಹೊಸ ಸಾಲಗಳಿಗೂ ಇದೇ ಜಾಮೀನು ಅನ್ವಯಿಸುತ್ತದೆ ಎಂಬ ಸಾಲು ಇದ್ದರೆ ಹೊಡೆದುಹಾಕಿಸಿ, ಪಕ್ಕದಲ್ಲಿ ಎರಡೂ ಕಡೆಯವರ ಸಹಿ ಇರಲಿ. ಖಾಲಿ ಜಾಗವಿರುವ ನಮೂನೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಪೆನ್ಸಿಲಿನಲ್ಲಿ ಬರೆದ ನಿಮ್ಮ ಹೆಸರನ್ನು ಅಳಿಸಿ ಹೊಸ ಅರ್ಜಿ ತೆಗೆದುಕೊಳ್ಳಲು ಹೇಳಿ. ಸಹಿಯಾದ ಪತ್ರದ ನಕಲು ಕೈಗೆ ಬರುವವರೆಗೆ ಅಲ್ಲಿಂದ ಏಳಬೇಡಿ. "ನಾಳೆ ಕಳುಹಿಸುತ್ತೇವೆ ಮೇಡಂ" ಎನ್ನುತ್ತಾರೆ. ನಾವೂ ಹಾಗೆಯೇ ಹೇಳುತ್ತಿದ್ದೆವು.